ಅಂಗಡಿ ಕೆಲಸ, ಮನೆ ಕೆಲಸ ಮರೆತು ಹೋಗ್ತಿದೆಯಾ? ಯಾವ ಟು-ಡೂ ಆ್ಯಪ್ ಯಾರಿಗೆ ಸರಿ, ಇಲ್ಲಿದೆ ಪೂರ್ತಿ ವಿವರ

ಸಾಗರ: ‘ನಾಳೆ ಸಂಜೆಯೊಳಗೆ ಸಾವಿರ ಲೀಟರ್ ಟ್ಯಾಂಕ್ ಮನೆಗೆ ಕಳಿಸಿ’ ಅಂತ ಗಿರಾಕಿ ಫೋನ್ ಮಾಡ್ತಾರೆ. ಮಾಲೀಕರು ಅದನ್ನು ಅಂಗಡಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕ್ತಾರೆ. ಗ್ರೂಪಿನಲ್ಲಿ ಇರುವ ನಾಲ್ಕೂ ಜನ ನೋಡ್ತಾರೆ. ಅವರು ತಗೊಂಡು ಹೋಗ್ತಾರೆ ಅಂತ ಇವರು, ಇವರು ತಗೊಂಡು ಹೋಗ್ತಾರೆ ಅಂತ ಅವರು. ಮರುದಿನ ರಾತ್ರಿ ಗಿರಾಕಿಯಿಂದ ಮತ್ತೆ ಫೋನ್ ಬರುತ್ತೆ. ಮುಂದಿನ ಸಲ ಆ ಫೋನ್ ಪಕ್ಕದ ಅಂಗಡಿಗೆ ಹೋಗುತ್ತೆ.

ಇಂಥ ಪರಿಸ್ಥಿತಿ ಯಾವ ಅಂಗಡಿಗೂ ಹೊಸದಲ್ಲ. ಇದಕ್ಕೆ ಪರಿಹಾರ ಅಂತ ಪ್ಲೇ ಸ್ಟೋರ್‌ನಲ್ಲಿ ನೂರಾರು ಟು-ಡೂ ಆ್ಯಪ್‌ಗಳಿವೆ. ಟು-ಡೂ ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿ. ಕೆಲಸ ಬರೆದಿಟ್ಟು, ಮುಗಿದ ಮೇಲೆ ಟಿಕ್ ಹಾಕೋದು, ಅಷ್ಟೇ. ಆದರೆ ಬಹಳ ಜನ ಒಂದು ಆ್ಯಪ್ ಹಾಕಿಕೊಂಡು, ಒಂದು ವಾರ ಬಳಸಿ, ಆಮೇಲೆ ಅದರ ಕಡೆ ತಿರುಗಿಯೂ ನೋಡಲ್ಲ. ಆ್ಯಪ್ ಕೆಟ್ಟದು ಅಂತಲ್ಲ. ಒಬ್ಬರಿಗೆ ಮಾಡಿದ ಆ್ಯಪನ್ನು ತಂಡಕ್ಕೆ, ತಂಡಕ್ಕೆ ಮಾಡಿದ ಆ್ಯಪನ್ನು ಒಬ್ಬರಿಗೆ ಬಳಸೋದೇ ಹೆಚ್ಚಿನ ಕಡೆ ಆಗುವ ಎಡವಟ್ಟು.

ಮೊದಲು ಇದನ್ನು ತಿಳ್ಕೊಳ್ಳಿ: ಒಬ್ಬರ ಪಟ್ಟಿ ಬೇರೆ, ತಂಡದ ಪಟ್ಟಿ ಬೇರೆ

ಒಬ್ಬರ ಪಟ್ಟಿಯ ಕೆಲಸ ನೆನಪು ಮಾಡೋದು. ಕರೆಂಟ್ ಬಿಲ್ ಕಟ್ಟೋದು, ಮಗಳ ಶಾಲೆ ಫೀಸು, ಬೈಕ್ ಇನ್ಶೂರೆನ್ಸ್. ಇಲ್ಲಿ ಬರೆಯೋರೂ ನೀವೇ, ಮಾಡೋರೂ ನೀವೇ. ಸರಿಯಾದ ಹೊತ್ತಿಗೆ ಫೋನ್ ಸದ್ದು ಮಾಡಿದರೆ ಸಾಕು.

ತಂಡದ ಪಟ್ಟಿಯಲ್ಲಿ ನೆನಪು ಎರಡನೇ ಮಾತು. ಮೊದಲನೇದು, ಕೆಲಸ ಯಾರದ್ದು ಅನ್ನೋದು. ಎರಡು ಜನ ಸೇರಿದ ಕೂಡಲೇ ‘ನೀನು ಮಾಡ್ತೀಯ ಅಂದ್ಕೊಂಡಿದ್ದೆ’ ಅನ್ನೋ ಮಾತು ಹುಟ್ಟುತ್ತೆ. ಹಾಗಾಗಿ ತಂಡದ ಆ್ಯಪ್‌ನಲ್ಲಿ ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು ಹಾಕುವ ವ್ಯವಸ್ಥೆ ಇರಲೇಬೇಕು. ಎಲ್ಲರ ಕೆಲಸ ಅಂತ ಬರೆದದ್ದು ಕೊನೆಗೆ ಯಾರ ಕೆಲಸವೂ ಆಗಲ್ಲ. ಆ್ಯಪ್ ಆರಿಸುವಾಗ ಬಣ್ಣ, ಡಿಸೈನ್ ನೋಡುವುದಕ್ಕಿಂತ ಮೊದಲು ಇದೊಂದನ್ನು ನೋಡಬೇಕು.

ವಾಟ್ಸ್‌ಆ್ಯಪ್ ಗ್ರೂಪ್ ಇದೆಯಲ್ಲ, ಅದೇ ಸಾಕಲ್ವಾ?

ಸುದ್ದಿ ಮುಟ್ಟಿಸೋಕೆ ವಾಟ್ಸ್‌ಆ್ಯಪ್ ಸಾಕು. ಕೆಲಸ ಮುಗಿಸೋಕೆ ಸಾಲದು. ಅದಕ್ಕೆ ಮೂರು ಕಾರಣ.

ಒಂದು, ಗ್ರೂಪಿನಲ್ಲಿ ಮೆಸೇಜ್ ಕೆಳಗೆ ಬಂದಂತೆ ಹಳೇದು ಮೇಲೆ ಹೋಗುತ್ತೆ. ಬೆಳಗ್ಗೆ ಹಾಕಿದ ಆರ್ಡರ್ ಮಧ್ಯಾಹ್ನದೊಳಗೆ ಗುಡ್ ಮಾರ್ನಿಂಗ್ ಫೋಟೋ, ಬಿಲ್ ಫೋಟೋ, ವಿಡಿಯೋಗಳ ಅಡಿಗೆ ಸೇರಿರುತ್ತೆ.

ಎರಡು, ಹೆಬ್ಬೆರಳು ಗುರುತು. ಆರ್ಡರ್ ಮೆಸೇಜಿಗೆ ಹುಡುಗ ಹೆಬ್ಬೆರಳು ಹಾಕಿದ. ಅದರ ಅರ್ಥ ‘ನೋಡಿದೆ’ ಅಂತಲಾ, ‘ಮಾಡ್ತೀನಿ’ ಅಂತಲಾ, ‘ಮಾಡಿ ಆಯ್ತು’ ಅಂತಲಾ? ಹಾಕಿದವನಿಗೆ ಒಂದು ಅರ್ಥ, ನೋಡಿದವರಿಗೆ ಇನ್ನೊಂದು ಅರ್ಥ.

ಮೂರು, ಇವತ್ತು ಏನೇನು ಬಾಕಿ ಇದೆ ಅಂತ ಒಂದೇ ನೋಟಕ್ಕೆ ಕಾಣಿಸಲ್ಲ. ಬಾಕಿ ಪಟ್ಟಿ ಬೇಕು ಅಂದರೆ ಇಡೀ ಚಾಟ್ ಓದಬೇಕು.

ಒಬ್ಬರೇ ಬಳಸೋದಾದರೆ ವಾಟ್ಸ್‌ಆ್ಯಪ್‌ನಲ್ಲಿ ನಮಗೆ ನಾವೇ ಮೆಸೇಜ್ ಕಳಿಸಿಕೊಳ್ಳುವ ಸೌಲಭ್ಯ 2022ರಿಂದ ಇದೆ. ತಕ್ಷಣಕ್ಕೆ ಗುರುತು ಹಾಕಿಕೊಳ್ಳೋಕೆ ಅದು ಅನುಕೂಲ. ಆದರೆ ದಿನಕ್ಕೊಮ್ಮೆ ಅಲ್ಲಿಂದ ಪಟ್ಟಿಗೆ ದಾಟಿಸದಿದ್ದರೆ ಅದೂ ಗ್ರೂಪಿನ ಹಾಗೆಯೇ ಆಗುತ್ತೆ.

ಒಬ್ಬರಿಗೇ ಆದರೆ: ಗೂಗಲ್ ಟಾಸ್ಕ್ಸ್

ಆಂಡ್ರಾಯ್ಡ್ ಫೋನ್, ಜಿಮೇಲ್ ಇರುವವರಿಗೆ ಹೊಸ ಖಾತೆ ತೆರೆಯುವ ರಗಳೆ ಇಲ್ಲದ ಆ್ಯಪ್ ಇದು. ಉಚಿತ. 2018ರಿಂದ ಪ್ರತ್ಯೇಕ ಆ್ಯಪ್ ಆಗಿ ಸಿಗ್ತಿದೆ. ಕೆಲಸ ಬರೆದು, ತಾರೀಕು ಮತ್ತು ಹೊತ್ತು ಹಾಕಿದರೆ ಆ ಹೊತ್ತಿಗೆ ಫೋನ್ ನೆನಪು ಮಾಡುತ್ತೆ. ಅದೇ ಕೆಲಸ ಗೂಗಲ್ ಕ್ಯಾಲೆಂಡರ್‌ನಲ್ಲೂ ಕಾಣಿಸುತ್ತೆ. ಪ್ರತಿ ವಾರ, ಪ್ರತಿ ತಿಂಗಳು, ಪ್ರತಿ ವರ್ಷ ಅಂತ ಮರುಕಳಿಸುವ ಹಾಗೆ ಇಡಬಹುದು. ದೊಡ್ಡ ಕೆಲಸದ ಒಳಗೆ ಸಣ್ಣ ಸಣ್ಣ ಕೆಲಸಗಳನ್ನೂ ಬರೆಯಬಹುದು.

ಮಿತಿ ಏನು? ಸಾಮಾನ್ಯ ಜಿಮೇಲ್ ಖಾತೆಯಲ್ಲಿ ಈ ಪಟ್ಟಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳೋಕೆ ಆಗಲ್ಲ. ಹಾಗಾಗಿ ಅಂಗಡಿ ತಂಡಕ್ಕೆ ಇದು ಬೇಡ.

ತೋಟದವರಿಗೆ ಇದರಲ್ಲಿ ಒಂದು ಒಳ್ಳೆ ಉಪಯೋಗ ಇದೆ. ಅಡಿಕೆಗೆ ಕೊಳೆ ರೋಗ ಬಾರದಿರಲು ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40ರಿಂದ 45 ದಿನಕ್ಕೆ ಇನ್ನೊಂದು ಸಲ ಶೇ.1ರ ಬೋರ್ಡೋ ದ್ರಾವಣ ಹೊಡೆಯಬೇಕು. ಮೊದಲನೇ ಔಷಧಿ ಹೊಡೆದ ದಿನವೇ 35 ದಿನ ಆಚೆಗೆ ‘ಕೊನೆಗೌಡರಿಗೆ ಫೋನ್ ಮಾಡೋದು, ಮೈಲುತುತ್ತ ಸುಣ್ಣ ತರೋದು’ ಅಂತ ಹಾಕಿಟ್ಟರೆ, ಮಳೆ ಗಡಿಬಿಡಿಯಲ್ಲಿ ದಿನ ಎಣಿಸುವ ಕೆಲಸ ಇರಲ್ಲ. ಎಲ್ಲರ ತೋಟಕ್ಕೂ ಒಂದೇ ಸಮಯಕ್ಕೆ ಜನ ಬೇಕಾಗೋದರಿಂದ ಆ ಐದು ದಿನ ಮೊದಲೇ ಹೇಳಿಡೋದು ಮುಖ್ಯ.

ಗಂಡ ಹೆಂಡತಿ, ಮನೆ ಮಂದಿಗೆ: ಗೂಗಲ್ ಕೀಪ್

ಸಂತೆಗೆ ಹೋದವರು ಮನೆಗೆ ಫೋನ್ ಮಾಡಿ ‘ಇನ್ನೇನು ಬೇಕು?’ ಅಂತ ಕೇಳೋದು ಎಲ್ಲರ ಮನೆಯಲ್ಲೂ ಇದೆ. ಗೂಗಲ್ ಕೀಪ್‌ನಲ್ಲಿ ‘ಸಾಮಾನು’ ಅಂತ ಒಂದು ಪಟ್ಟಿ ಮಾಡಿ, ಮನೆಯವರ ಜಿಮೇಲ್ ವಿಳಾಸ ಸೇರಿಸಿದರೆ ಇಬ್ಬರ ಫೋನಿನಲ್ಲೂ ಒಂದೇ ಪಟ್ಟಿ ಕಾಣುತ್ತೆ. ಇವರು ಅಡುಗೆಮನೆಯಲ್ಲಿ ನಿಂತು ‘ಉದ್ದಿನಬೇಳೆ 2 ಕೆಜಿ’ ಅಂತ ಸೇರಿಸಿದರೆ, ಅವರಿಗೆ ಸಂತೆಯಲ್ಲಿ ಕಾಣುತ್ತೆ. ಟಿಕ್ ಹಾಕಿದ್ದು ಪಟ್ಟಿಯ ಕೆಳಗೆ ಹೋಗುತ್ತೆ. ಮುಂದಿನ ವಾರ ಅದೇ ಪಟ್ಟಿಯ ಟಿಕ್ ತೆಗೆದು ಮತ್ತೆ ಬಳಸಬಹುದು.

ಔಷಧಿ ಚೀಟಿ, ಮಿಕ್ಸಿ ಬಿಲ್ಲು ಇಂಥವುಗಳ ಫೋಟೋವನ್ನೂ ಇದರಲ್ಲಿ ಇಡಬಹುದು. ಆದರೆ ಪಟ್ಟಿಯ ಒಂದೊಂದು ಸಾಲಿಗೂ ಬೇರೆ ಬೇರೆಯವರ ಹೆಸರು ಹಾಕುವ ವ್ಯವಸ್ಥೆ ಕೀಪ್‌ನಲ್ಲಿ ಇಲ್ಲ. ಇಬ್ಬರು, ಮೂವರಿಗೆ ನಡೆಯುತ್ತೆ. ಅಂಗಡಿಗೆ ಕಷ್ಟ.

ಮನೆಯಲ್ಲಿ ಎಲ್ಲರ ಹತ್ತಿರವೂ ಐಫೋನ್ ಇದ್ದರೆ ಅದರಲ್ಲೇ ಬರುವ ‘ರಿಮೈಂಡರ್ಸ್’ ಸಾಕು. ಒಬ್ಬರದ್ದು ಐಫೋನ್, ಇನ್ನೊಬ್ಬರದ್ದು ಆಂಡ್ರಾಯ್ಡ್ ಆದರೆ ಕೀಪ್ ಸುಲಭ.

ಮೂರರಿಂದ ಎಂಟು ಜನರ ಅಂಗಡಿಗೆ: ಮೈಕ್ರೋಸಾಫ್ಟ್ ಟು ಡೂ

ಅಂಗಡಿ, ವರ್ಕ್‌ಶಾಪ್, ಸಣ್ಣ ಹೋಟೆಲ್‌ಗಳಿಗೆ ದುಡ್ಡಿಲ್ಲದೆ ಸಿಗುವ ಆ್ಯಪ್‌ಗಳಲ್ಲಿ ಇದು ಹೆಚ್ಚು ಹೊಂದುತ್ತೆ. ಕಾರಣ, ಹಂಚಿಕೊಂಡ ಪಟ್ಟಿಯಲ್ಲಿ ಪ್ರತಿ ಕೆಲಸವನ್ನೂ ಒಬ್ಬರ ಹೆಸರಿಗೆ ಹಾಕಬಹುದು. ಇದಕ್ಕೆ ಮೈಕ್ರೋಸಾಫ್ಟ್ ಖಾತೆ ಬೇಕು. ಈಗಿರುವ ಜಿಮೇಲ್ ವಿಳಾಸ ಕೊಟ್ಟೇ ಆ ಖಾತೆ ಮಾಡಿಕೊಳ್ಳಬಹುದು.

ಹಾಕೋದು ಹೇಗೆ? ಮಾಲೀಕರು ಮೊದಲು ‘ಡೆಲಿವರಿ’, ‘ತರಿಸಬೇಕಾದ ಮಾಲು’, ‘ಉದ್ರಿ ವಸೂಲಿ’ ಅಂತ ಮೂರು ಪಟ್ಟಿ ಮಾಡಬೇಕು. ಪ್ರತಿ ಪಟ್ಟಿಯ ಮೇಲೆ ಹಂಚಿಕೊಳ್ಳುವ ಗುರುತು ಇರುತ್ತೆ. ಅದನ್ನು ಒತ್ತಿದರೆ ಒಂದು ಲಿಂಕ್ ಬರುತ್ತೆ. ಆ ಲಿಂಕನ್ನು ಬೇಕಾದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅವರು ಪಟ್ಟಿಗೆ ಸೇರ್ತಾರೆ. ಎಲ್ಲರೂ ಸೇರಿದ ಮೇಲೆ ಹೊಸಬರು ಸೇರದಂತೆ ಅದೇ ಜಾಗದಲ್ಲಿ ಬಂದ್ ಮಾಡಬೇಕು. ಇಲ್ಲದಿದ್ದರೆ ಲಿಂಕ್ ಸಿಕ್ಕವರೆಲ್ಲ ಒಳಗೆ ಬರಬಹುದು.

ಎಲ್ಲಾ ಪಟ್ಟಿ ಎಲ್ಲರಿಗೂ ಕಾಣಬೇಕು ಅಂತಿಲ್ಲ. ಡೆಲಿವರಿ ಪಟ್ಟಿ ಗಾಡಿ ಓಡಿಸುವವರಿಗೆ, ಉದ್ರಿ ಪಟ್ಟಿ ಗಲ್ಲಾ ನೋಡುವವರಿಗೆ ಮಾತ್ರ ಕೊಟ್ಟರೆ ಸಾಕು. ಯಾರ ಬಾಕಿ ಎಷ್ಟು ಅನ್ನೋದು ಊರಿಗೆಲ್ಲ ಗೊತ್ತಾಗಬಾರದು. ಸಣ್ಣ ಊರಲ್ಲಿ ಗಿರಾಕಿ ಮರ್ಯಾದೆ ಹೋದರೆ ವ್ಯಾಪಾರವೂ ಹೋಗುತ್ತೆ.

ಈ ಆ್ಯಪ್‌ನಲ್ಲಿ ‘ಮೈ ಡೇ’ ಅಂತ ಒಂದು ಪುಟ ಇದೆ. ಅಂಗಡಿ ಬಾಗಿಲು ತೆಗೆದ ಮೇಲೆ ಎಲ್ಲಾ ಪಟ್ಟಿಗಳಿಂದ ಇವತ್ತು ಮಾಡುವ ಕೆಲಸಗಳನ್ನು ಮಾತ್ರ ಅಲ್ಲಿಗೆ ಸೇರಿಸಿಕೊಳ್ಳಬಹುದು. ರಾತ್ರಿ ಕಳೆದರೆ ಆ ಪುಟ ಖಾಲಿ ಆಗುತ್ತೆ. ಮುಗಿಯದ ಕೆಲಸ ಅಳಿಸಿ ಹೋಗಲ್ಲ, ಮೂಲ ಪಟ್ಟಿಯಲ್ಲೇ ಇರುತ್ತೆ.

ಕೆಲಸ ಬರೆಯೋದು ಹೇಗೆ?

ಯಾವ ಆ್ಯಪ್ ಆದರೂ ಬರೆಯುವ ರೀತಿ ಸರಿ ಇಲ್ಲದಿದ್ದರೆ ಉಪಯೋಗ ಇಲ್ಲ. ‘ಟ್ಯಾಂಕ್’ ಅಂತ ಒಂದೇ ಪದ ಬರೆದರೆ ಎರಡು ದಿನ ಬಿಟ್ಟು ಬರೆದವರಿಗೇ ಅರ್ಥ ಆಗಲ್ಲ. ತರಿಸೋದಾ, ಕಳಿಸೋದಾ, ರೇಟು ಕೇಳೋದಾ?

‘ಗುರುವಾರ ಸಂಜೆ 5ರೊಳಗೆ ಜೋಗ ರಸ್ತೆ ಮನೆಗೆ ಸಾವಿರ ಲೀಟರ್ ಟ್ಯಾಂಕ್ ಇಳಿಸಿ, ಬಾಕಿ ಹಣ ತಗೊಂಡು ಬರೋದು’ ಅಂತ ಬರೆದರೆ ಯಾರು ಓದಿದರೂ ಕೆಲಸ ಆಗುತ್ತೆ. ಏನು ಮಾಡಬೇಕು, ಎಲ್ಲಿ, ಯಾವಾಗ, ಯಾರು. ಈ ನಾಲ್ಕು ಇದ್ದರೆ ಸಾಕು. ಯಾರು ಅನ್ನುವ ಜಾಗದಲ್ಲಿ ಎರಡು ಹೆಸರು ಬೇಡ. ಸಹಾಯಕ್ಕೆ ಇನ್ನೊಬ್ಬರು ಹೋಗಲಿ, ಹೆಸರು ಮಾತ್ರ ಒಬ್ಬರದ್ದೇ ಇರಲಿ.

ಗಣಪತಿ ಸಮಿತಿ, ಜಾತ್ರೆ, ಮದುವೆ ಕಾಂಟ್ರಾಕ್ಟ್‌ಗೆ: ಟ್ರೆಲೊ

ಕೆಲವು ಕೆಲಸಗಳಿಗೆ ಟಿಕ್ ಹಾಕೋದು ಸಾಲಲ್ಲ. ಗಣಪತಿ ಇಡುವ ಸಮಿತಿಯನ್ನೇ ತಗೊಳ್ಳಿ. ಪೊಲೀಸ್ ಅನುಮತಿಗೆ ಅರ್ಜಿ ಕೊಟ್ಟಾಗಿದೆ, ಇನ್ನೂ ಕೈಗೆ ಸಿಕ್ಕಿಲ್ಲ. ಮೆಸ್ಕಾಂ ತಾತ್ಕಾಲಿಕ ಕರೆಂಟಿಗೆ ಹಣ ಕಟ್ಟಬೇಕು. ಶಾಮಿಯಾನದವರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಇಲ್ಲಿ ‘ಆಗಿದೆ, ಆಗಿಲ್ಲ’ ಅನ್ನೋದರ ಮಧ್ಯೆ ‘ನಡೀತಿದೆ’ ಅನ್ನೋ ಹಂತವೂ ಇದೆ.

ಟ್ರೆಲೊದಲ್ಲಿ ಒಂದು ಬೋರ್ಡ್, ಅದರಲ್ಲಿ ಸಾಲು ಸಾಲು ಕಾಲಂ. ‘ಮಾಡಬೇಕು’, ‘ನಡೀತಿದೆ’, ‘ಮುಗೀತು’ ಅಂತ ಹೆಸರಿಟ್ಟರೆ, ಪ್ರತಿ ಕೆಲಸವೂ ಒಂದು ಚೀಟಿಯ ಹಾಗೆ ಇರುತ್ತೆ. ಕೆಲಸ ಮುಂದೆ ಹೋದಂತೆ ಚೀಟಿಯನ್ನು ಬೆರಳಲ್ಲಿ ಎಳೆದು ಪಕ್ಕದ ಕಾಲಂಗೆ ಹಾಕೋದು. ಚೀಟಿಯ ಒಳಗೆ ರಸೀದಿ ಫೋಟೋ, ಕೊನೇ ದಿನ, ಜವಾಬ್ದಾರಿ ಹೊತ್ತವರ ಹೆಸರು ಎಲ್ಲಾ ಇಡಬಹುದು. 2011ರಲ್ಲಿ ಶುರುವಾದ ಈ ಆ್ಯಪ್ ಈಗ ಅಟ್ಲಾಸಿಯನ್ ಕಂಪನಿಯದ್ದು. ಉಚಿತ ಬಳಕೆಗೆ ಒಂದು ವರ್ಕ್‌ಸ್ಪೇಸ್‌ನಲ್ಲಿ 10 ಬೋರ್ಡ್, 10 ಜನ ಅನ್ನುವ ಮಿತಿ ಇದೆ. ಒಂದು ಸಮಿತಿಯ ಪದಾಧಿಕಾರಿಗಳಿಗೆ ಇಷ್ಟು ಸಾಕು.

ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಹೆಚ್ಚು ಮಾಲು ತರಿಸುವ ಅಂಗಡಿಗಳಿಗೂ ಇದು ಒಳ್ಳೇದು. ಯಾವ ಮಾಲಿಗೆ ಆರ್ಡರ್ ಕೊಟ್ಟಾಗಿದೆ, ಯಾವುದು ದಾರಿಯಲ್ಲಿದೆ, ಯಾವುದು ಗೋಡೌನ್‌ಗೆ ಬಂತು ಅನ್ನೋದು ಕಣ್ಣೆದುರು ಇರುತ್ತೆ. ಜಾತ್ರೆ ಮುಗಿದ ಮೇಲೆ ಬೋರ್ಡ್ ಅಳಿಸಬೇಡಿ. ಮೂರು ವರ್ಷ ಆದ ಮೇಲೆ ‘ಹೋದ ಸಲ ಎಷ್ಟು ತರಿಸಿದ್ವಿ?’ ಅನ್ನೋದಕ್ಕೆ ಅಲ್ಲೇ ಉತ್ತರ ಸಿಗುತ್ತೆ.

ದಿನದ ಸಣ್ಣ ಪುಟ್ಟ ಕೆಲಸಕ್ಕೆ ಮಾತ್ರ ಟ್ರೆಲೊ ಬೇಡ. ಹಾಲಿನ ಬಾಕಿ ಕೊಡೋದಕ್ಕೆ ಚೀಟಿ ಎಳೆಯುತ್ತಾ ಕೂತರೆ ಕೆಲಸಕ್ಕಿಂತ ಪಟ್ಟಿಯೇ ದೊಡ್ಡದಾಗುತ್ತೆ.

ದುಡ್ಡು ಕೊಟ್ಟು ತಗೋಬೇಕಾ?

ಹೆಚ್ಚಿನವರಿಗೆ ಬೇಡ. ಟುಡೂಯಿಸ್ಟ್ ಅನ್ನುವ ಆ್ಯಪ್ 2007ರಿಂದ ಇದೆ, ಬಳಸಿದವರು ಮೆಚ್ಚುವ ಆ್ಯಪ್. ಇಂಗ್ಲಿಷ್‌ನಲ್ಲಿ ‘ಎವ್ರಿ ಮಂಡೇ 9 ಎಎಂ’ ಅಂತ ಕೆಲಸದ ಜೊತೆಗೇ ಬರೆದರೆ ತಾರೀಕು ತಾನೇ ಹಾಕಿಕೊಳ್ಳುತ್ತೆ. ಆದರೆ ಉಚಿತ ಬಳಕೆಯಲ್ಲಿ ಪ್ರಾಜೆಕ್ಟ್‌ಗಳ ಮಿತಿ 5. ಅದಕ್ಕಿಂತ ಹೆಚ್ಚು ಬೇಕಾದರೆ ಚಂದಾ ಕಟ್ಟಬೇಕು.

ಚಂದಾ ಕಟ್ಟುವ ಮೊದಲು ಒಂದು ಲೆಕ್ಕ ಹಾಕಿ. ಉಚಿತ ಆ್ಯಪನ್ನು ಮೂರು ತಿಂಗಳು ದಿನಾ ಬಳಸಿ, ಅದರಲ್ಲಿ ಇಂಥದ್ದೊಂದು ಇಲ್ಲದೆ ಕೆಲಸ ನಿಂತಿದೆ ಅಂತ ಬೆರಳಿಟ್ಟು ತೋರಿಸೋಕೆ ಆದರೆ ಮಾತ್ರ ದುಡ್ಡು ಕೊಡಿ. ದುಡ್ಡು ಕೊಟ್ಟರೆ ಶಿಸ್ತು ಬರುತ್ತೆ ಅಂದುಕೊಂಡು ಕೊಡಬೇಡಿ. ಉಚಿತ ಬಳಕೆಯ ಮಿತಿಗಳನ್ನು ಕಂಪನಿಗಳು ಆಗಾಗ ಬದಲಿಸ್ತಾವೆ. ಹಾಗಾಗಿ ಹಾಕಿಕೊಳ್ಳುವ ದಿನ ಒಮ್ಮೆ ನೋಡಿಕೊಳ್ಳೋದು ಒಳ್ಳೇದು.

ರಿಮೈಂಡರ್ ಇಟ್ಟರೂ ಸದ್ದು ಮಾಡಲ್ಲ, ಯಾಕೆ?

ಬಹಳ ಜನ ಆ್ಯಪ್ ಬಿಡೋದು ಇದೇ ಕಾರಣಕ್ಕೆ. ತಪ್ಪು ಹೆಚ್ಚಾಗಿ ಫೋನಿನ ಸೆಟ್ಟಿಂಗ್‌ನಲ್ಲಿ ಇರುತ್ತೆ. ಬ್ಯಾಟರಿ ಉಳಿಸೋಕೆ ಅಂತ ಫೋನ್ ಹಿಂದೆ ನಡೆಯುತ್ತಿರುವ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತೆ. ನಿಂತ ಆ್ಯಪ್ ನೆನಪು ಮಾಡೋದು ಹೇಗೆ?

ಮಾಡಬೇಕಾದ್ದು ಇಷ್ಟು:

• ಫೋನ್ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು ನೋಟಿಫಿಕೇಶನ್ ಆನ್ ಇದೆಯಾ ನೋಡಿ. ಆಂಡ್ರಾಯ್ಡ್ 13ರಿಂದ ಈಚೆಗೆ ಆ್ಯಪ್‌ಗಳು ಇದಕ್ಕೆ ಅನುಮತಿ ಕೇಳಬೇಕು. ಅವಸರದಲ್ಲಿ ‘ಬೇಡ’ ಅಂತ ಒತ್ತಿರುವ ಸಾಧ್ಯತೆ ಹೆಚ್ಚು.

• ಅಲ್ಲೇ ‘ಅಲಾರ್ಮ್ಸ್ ಅಂಡ್ ರಿಮೈಂಡರ್ಸ್’ ಅನ್ನುವ ಅನುಮತಿ ಕಾಣಿಸಿದರೆ ಆನ್ ಮಾಡಿ.

• ಬ್ಯಾಟರಿ ವಿಭಾಗದಲ್ಲಿ ಆ ಆ್ಯಪ್‌ಗೆ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ.

• ಕೆಲವು ಫೋನ್‌ಗಳಲ್ಲಿ ‘ಆಟೋ ಸ್ಟಾರ್ಟ್’ ಅಂತ ಬೇರೆ ಇರುತ್ತೆ. ಅದನ್ನೂ ಆನ್ ಮಾಡಿ.

ಇಷ್ಟು ಮಾಡಿ 5 ನಿಮಿಷ ಆಚೆಗೆ ಒಂದು ರಿಮೈಂಡರ್ ಇಟ್ಟು, ಫೋನ್ ಲಾಕ್ ಮಾಡಿ ಜೇಬಿಗೆ ಹಾಕಿಕೊಳ್ಳಿ. ಸದ್ದು ಬಂದರೆ ಆ ಆ್ಯಪ್ ನಂಬಬಹುದು. ಬರದಿದ್ದರೆ ಸರಿ ಮಾಡುವ ತನಕ ಮುಖ್ಯ ಕೆಲಸ ಅದರಲ್ಲಿ ಹಾಕಬೇಡಿ. ಅಂಗಡಿ ಹುಡುಗರ ಫೋನಿನಲ್ಲೂ ಇದೇ ಪರೀಕ್ಷೆ ಆಗಲಿ.

ನೆಟ್‌ವರ್ಕ್ ಇಲ್ಲದಿದ್ದರೆ? ಕನ್ನಡದಲ್ಲಿ ಬರೀಬಹುದಾ?

ಮಳೆಗಾಲದಲ್ಲಿ ಕರೆಂಟು ಹೋಗೋದು, ಅದರ ಹಿಂದೆಯೇ ನೆಟ್‌ವರ್ಕ್ ಹೋಗೋದು ಮಲೆನಾಡಿನಲ್ಲಿ ಮಾಮೂಲು. ಗೂಗಲ್ ಟಾಸ್ಕ್ಸ್, ಕೀಪ್, ಮೈಕ್ರೋಸಾಫ್ಟ್ ಟು ಡೂ ಮೂರೂ ನೆಟ್ ಇಲ್ಲದಾಗಲೂ ಫೋನಿನಲ್ಲಿ ತೆರೆಯುತ್ತವೆ, ಬರೆಯೋಕೂ ಆಗುತ್ತೆ. ನೆಟ್ ಬಂದ ಮೇಲೆ ಉಳಿದವರ ಫೋನಿಗೆ ಹೋಗುತ್ತೆ. ಆದರೆ ಅಲ್ಲಿವರೆಗೆ ನೀವು ಹಾಕಿದ ಕೆಲಸ ಅವರಿಗೆ ಕಾಣಲ್ಲ ಅನ್ನೋದು ನೆನಪಿರಲಿ. ಅರ್ಜೆಂಟ್ ಇದ್ದರೆ ಫೋನ್ ಮಾಡಿ ಹೇಳಲೇಬೇಕು.

ಈ ಎಲ್ಲಾ ಆ್ಯಪ್‌ಗಳಲ್ಲಿ ಕನ್ನಡದಲ್ಲೇ ಕೆಲಸ ಬರೆಯಬಹುದು. ಟೈಪ್ ಮಾಡೋಕೆ ಬೇಜಾರಾದವರು ಗೂಗಲ್ ಕೀಬೋರ್ಡ್‌ಗೆ ಕನ್ನಡ ಭಾಷೆ ಸೇರಿಸಿ, ಮೈಕ್ ಗುರುತು ಒತ್ತಿ ಮಾತಾಡಿದರೆ ಅದೇ ಬರೆಯುತ್ತೆ. ಅಂಕಿ ಮತ್ತು ಹೆಸರು ಮಾತ್ರ ಒಮ್ಮೆ ಓದಿ ನೋಡಬೇಕು. ‘ಹದಿನೈದು’ ಹೇಳಿದ್ದು ಬೇರೆ ಏನೋ ಆದರೆ ಲೋಡೇ ತಪ್ಪಿಹೋಗುತ್ತೆ.

ಆ್ಯಪ್ ಕಂಪನಿಯೇ ಬಾಗಿಲು ಹಾಕಿದರೆ?

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಜರ್ಮನಿಯ ಬರ್ಲಿನ್‌ನಲ್ಲಿ ಹುಟ್ಟಿದ ವಂಡರ್‌ಲಿಸ್ಟ್ ಅನ್ನುವ ಆ್ಯಪ್ ಒಂದು ಕಾಲಕ್ಕೆ ಬಹಳ ಹೆಸರು ಮಾಡಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. 2017ರಲ್ಲಿ ತನ್ನದೇ ಟು ಡೂ ಆ್ಯಪ್ ತಂದಿತು. 2020ರ ಮೇ 6ಕ್ಕೆ ವಂಡರ್‌ಲಿಸ್ಟ್ ಮುಚ್ಚಿತು. ಬಳಸುವವರಿಗೆ ತಮ್ಮ ಪಟ್ಟಿಯನ್ನು ಹೊಸ ಆ್ಯಪ್‌ಗೆ ಸಾಗಿಸುವ ಅವಕಾಶ ಕೊಟ್ಟಿದ್ದರು. ಚೆನ್ನಾಗಿ ನಡೆಯುತ್ತಿದ್ದ ಆ್ಯಪ್‌ಗೇ ಹೀಗಾದ ಮೇಲೆ, ಹೆಸರೇ ಕೇಳದ ಆ್ಯಪ್‌ನಲ್ಲಿ ಅಂಗಡಿಯ ಇಡೀ ಲೆಕ್ಕಾಚಾರ ಇಡೋದು ಬೇಡ.

ಗೂಗಲ್‌ನ ಟಾಸ್ಕ್ಸ್ ಮತ್ತು ಕೀಪ್‌ನಲ್ಲಿ ಇರೋದನ್ನು ‘ಗೂಗಲ್ ಟೇಕ್‌ಔಟ್’ ಮೂಲಕ ಇಳಿಸಿಕೊಳ್ಳಬಹುದು. ಅಷ್ಟೆಲ್ಲ ಆಗದವರು ತಿಂಗಳಿಗೊಮ್ಮೆ ಮುಖ್ಯ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟರೂ ಸಾಕು. ಉದ್ರಿ ಲೆಕ್ಕದ ಮೂಲ ಯಾವತ್ತೂ ಉದ್ರಿ ಪುಸ್ತಕವೇ ಆಗಿರಲಿ. ಆ್ಯಪ್‌ನಲ್ಲಿ ಇರಬೇಕಾದ್ದು ‘ಇಂಥ ದಿನ ಕೇಳಬೇಕು’ ಅನ್ನುವ ನೆನಪು ಮಾತ್ರ.

ಅಂಗಡಿಯವರು ಇವತ್ತೇ ಹಾಕಿಡಬಹುದಾದ ತಾರೀಕುಗಳು

ಪಟ್ಟಿ ಶುರು ಮಾಡೋಕೆ ಏನು ಬರೀಬೇಕು ಅಂತ ಗೊತ್ತಾಗದವರು ಇಲ್ಲಿಂದ ಶುರು ಮಾಡಬಹುದು. ಎಲ್ಲವನ್ನೂ ಮರುಕಳಿಸುವ ಕೆಲಸವಾಗಿ ಇಡಿ.

• ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರು: ಜಿಎಸ್‌ಟಿಆರ್-1 11ನೇ ತಾರೀಕು, ಜಿಎಸ್‌ಟಿಆರ್-3ಬಿ 20ನೇ ತಾರೀಕು. 3ಬಿ ತಡವಾದರೆ ದಿನಕ್ಕೆ 50 ರೂ., ವ್ಯವಹಾರ ಇಲ್ಲದ ತಿಂಗಳಾದರೆ ದಿನಕ್ಕೆ 20 ರೂ. ದಂಡ ಬೀಳುತ್ತೆ.

• ಕಾಂಪೋಸಿಶನ್‌ನಲ್ಲಿ ಇರುವವರು: ಮೂರು ತಿಂಗಳ ಅವಧಿ ಮುಗಿದ ಮುಂದಿನ ತಿಂಗಳ 18ರೊಳಗೆ ಸಿಎಂಪಿ-08.

• ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ: ವರ್ಷಕ್ಕೊಮ್ಮೆ.

• ನಗರಸಭೆ, ಪುರಸಭೆ ವ್ಯಾಪ್ತಿಯ ಆಸ್ತಿ ತೆರಿಗೆ: ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ.5 ರಿಯಾಯಿತಿ.

• ಟ್ರೇಡ್ ಲೈಸೆನ್ಸ್, ಗಾಡಿಯ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್: ನಿಮ್ಮ ಕಾಗದದಲ್ಲಿ ಇರುವ ಕೊನೇ ದಿನ ನೋಡಿ ಹಾಕಿ.

ಒಂದು ಮಾತು. ಕೊನೇ ದಿನಕ್ಕೆ ರಿಮೈಂಡರ್ ಇಡಬೇಡಿ. 20ನೇ ತಾರೀಕಿನ ಕೆಲಸಕ್ಕೆ 15ಕ್ಕೇ ‘ಬಿಲ್ಲುಗಳನ್ನು ಆಡಿಟರ್ ಆಫೀಸಿಗೆ ಕೊಡೋದು’ ಅಂತ ಇಡಿ. ಕೊನೇ ದಿನ ನೆನಪಾದರೆ ಓಡಾಟ ಮಾತ್ರ ಉಳಿಯುತ್ತೆ.

ಇವನ್ನು ಮಾತ್ರ ಮಾಡಬೇಡಿ

ಯುಪಿಐ ಪಿನ್, ಎಟಿಎಂ ಪಿನ್, ಪಾಸ್‌ವರ್ಡ್, ಗಿರಾಕಿಗಳ ಆಧಾರ್ ನಂಬರ್ ಯಾವ ಪಟ್ಟಿಯಲ್ಲೂ ಬರೆಯಬೇಡಿ. ಕೆಲಸದ ಪಟ್ಟಿಗೆ ನಿಮ್ಮ ಎಸ್‌ಎಂಎಸ್ ಓದುವ ಅನುಮತಿ ಬೇಕಾಗಿಲ್ಲ. ಅದನ್ನು ಕೇಳುವ ಆ್ಯಪ್ ಇದ್ದರೆ ತೆಗೆದುಹಾಕಿ.

ಅಂಗಡಿ ಪಟ್ಟಿಯನ್ನು ಕೆಲಸದ ಹುಡುಗನ ಖಾತೆಯಲ್ಲಿ ಮಾಡಿಸಬೇಡಿ. ಅವನು ಕೆಲಸ ಬಿಟ್ಟ ದಿನ ಪಟ್ಟಿಯೂ ಅವನ ಜೊತೆ ಹೋಗುತ್ತೆ. ಅಂಗಡಿ ಹೆಸರಿನಲ್ಲೇ ಒಂದು ಇಮೇಲ್ ಮಾಡಿ, ಅದರಿಂದ ಪಟ್ಟಿ ಮಾಡಿ, ಉಳಿದವರನ್ನು ಸೇರಿಸಿ. ಯಾರಾದರೂ ಬಿಟ್ಟು ಹೋದರೆ ಅವತ್ತೇ ಪಟ್ಟಿಯಿಂದ ತೆಗೆಯಿರಿ.

ರಾತ್ರಿ 10 ಗಂಟೆಗೆ ನೆನಪಾದ ಕೆಲಸವನ್ನು ಅವರ ಹೆಸರಿಗೆ ಹಾಕಿ, ಬೆಳಗ್ಗೆ ‘ಯಾಕೆ ಆಗಿಲ್ಲ?’ ಅಂತ ಕೇಳಬೇಡಿ. ಹುಡುಗರು ತಮ್ಮ ಫೋನ್, ತಮ್ಮ ನೆಟ್ ಪ್ಯಾಕ್ ಹಾಕಿ ಈ ಆ್ಯಪ್ ನೋಡ್ತಾರೆ. ಬೈಗುಳ ತಿನ್ನೋಕೇ ಪಟ್ಟಿ ಇರೋದು ಅಂತ ಅವರಿಗೆ ಅನ್ನಿಸಿದರೆ, ಮಾಡದ ಕೆಲಸಕ್ಕೂ ಟಿಕ್ ಬೀಳೋಕೆ ಶುರುವಾಗುತ್ತೆ. ಆಮೇಲೆ ಆ ಪಟ್ಟಿಯನ್ನು ಯಾರೂ ನಂಬೋ ಹಾಗಿಲ್ಲ. ಮಾಲೀಕರು ತಮ್ಮ ಹೆಸರಿಗೂ ಕೆಲಸ ಹಾಕಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಟಿಕ್ ಹಾಕಿದರೆ ಆ ಅನುಮಾನ ತಾನಾಗೇ ಹೋಗುತ್ತೆ.

ಸ್ಮಾರ್ಟ್‌ಫೋನ್ ಇಲ್ಲದವರು ಏನು ಮಾಡೋದು?

ತಂಡದಲ್ಲಿ ಒಬ್ಬರ ಹತ್ತಿರ ಕೀಪ್ಯಾಡ್ ಫೋನ್ ಇದ್ದರೂ ಆ್ಯಪ್ ಅರ್ಧ ಸೋತ ಹಾಗೆ. ಅಂಥ ಕಡೆ ಗಲ್ಲಾ ಪಕ್ಕ ಒಂದು ಬಿಳಿ ಹಲಗೆ ಹಾಕಿ. ಕೆಲಸ, ಹೆಸರು, ದಿನ ಅಂತ ಮೂರು ಕಾಲಂ ಎಳೆಯಿರಿ. ಮುಗಿಸಿದವರೇ ಬಂದು ಒರೆಸಲಿ. ಮಾಲೀಕರು ತಮ್ಮ ಆ್ಯಪ್‌ನಲ್ಲಿ ತಾರೀಕಿನ ಕೆಲಸಗಳನ್ನು ಇಟ್ಟುಕೊಂಡು ಬೆಳಗ್ಗೆ ಹಲಗೆಗೆ ಬರೆದರೆ ಆಯ್ತು.

ಜೇಬಿನ ಡೈರಿಯಲ್ಲೇ ಎಲ್ಲಾ ಸರಿಯಾಗಿ ನಡೀತಿದೆ ಅನ್ನುವವರು ಅದನ್ನು ಬಿಡುವ ಅಗತ್ಯ ಇಲ್ಲ. ಡೈರಿಗೆ ಚಾರ್ಜ್ ಬೇಡ, ನೆಟ್ ಬೇಡ. ಅದಕ್ಕೆ ಸದ್ದು ಮಾಡೋಕೆ ಬರಲ್ಲ, ಇನ್ನೊಬ್ಬರ ಕಣ್ಣಿಗೆ ಬೀಳಲ್ಲ ಅನ್ನೋದು ಮಾತ್ರ ಕೊರತೆ. ಈ ಎರಡರಲ್ಲಿ ಒಂದು ಬೇಕು ಅನ್ನಿಸಿದ ದಿನ ಆ್ಯಪ್ ಕಡೆ ಬಂದರೆ ಸಾಕು.

ಶುರು ಮಾಡೋದು ಹೇಗೆ?

ಒಂದೇ ಆ್ಯಪ್ ಆರಿಸಿ, ಎರಡು ವಾರ ನೋಡಿ. ಮೊದಲ ದಿನವೇ ನೂರು ಕೆಲಸ ತುಂಬಬೇಡಿ, ಹತ್ತು ಸಾಕು. ಬೆಳಗ್ಗೆ ಅಂಗಡಿ ತೆಗೆದ ಮೇಲೆ 5 ನಿಮಿಷ, ರಾತ್ರಿ ಶಟರ್ ಎಳೆಯುವ ಮೊದಲು 5 ನಿಮಿಷ ಎಲ್ಲರೂ ಪಟ್ಟಿ ನೋಡುವ ಅಭ್ಯಾಸ ಆಗಲಿ. ಗ್ರೂಪಿಗೆ ಬಂದ ಆರ್ಡರನ್ನು ಪಟ್ಟಿಗೆ ಏರಿಸುವ ಜವಾಬ್ದಾರಿ ಒಬ್ಬರಿಗೇ ಇರಲಿ. ಪಟ್ಟಿಯಲ್ಲಿ ಇಲ್ಲದ್ದು ಕೆಲಸವೇ ಅಲ್ಲ ಅನ್ನುವ ನಿಯಮ ಎರಡು ವಾರ ಪಾಲಿಸಿದರೆ ಈ ಆ್ಯಪ್ ನಿಮಗೆ ಆಗುತ್ತಾ, ಇಲ್ವಾ ಅನ್ನೋದು ಗೊತ್ತಾಗುತ್ತೆ.

ಚುಟುಕಾಗಿ ಹೇಳೋದಾದರೆ: ಒಬ್ಬರಿಗೆ ಗೂಗಲ್ ಟಾಸ್ಕ್ಸ್, ಮನೆಗೆ ಗೂಗಲ್ ಕೀಪ್, ಅಂಗಡಿ ತಂಡಕ್ಕೆ ಮೈಕ್ರೋಸಾಫ್ಟ್ ಟು ಡೂ, ಸಮಿತಿ ಮತ್ತು ದೊಡ್ಡ ಕಾಂಟ್ರಾಕ್ಟ್‌ಗೆ ಟ್ರೆಲೊ. ಯಾವುದು ಹಾಕಿಕೊಂಡರೂ ಎರಡು ವಾರ ಆದ ಮೇಲೆ ಪಟ್ಟಿ ತೆರೆದು ನೋಡಿ. ಹೆಸರಿಲ್ಲದ ಕೆಲಸ, ತಾರೀಕಿಲ್ಲದ ಕೆಲಸ ಎಷ್ಟಿವೆ ಅಂತ ಎಣಿಸಿ. ಮೊದಲು ಅವಕ್ಕೆ ಹೆಸರು, ತಾರೀಕು ಹಾಕಿ. ಆ್ಯಪ್ ಬದಲಿಸುವ ಯೋಚನೆ ಆಮೇಲೆ ಮಾಡಬಹುದು.